ವಸಂತಣ್ಣನ ಸಹಿ ಮತ್ತು ಕುಕ್ ಟೌನಿನ ಲಾಯರಮ್ಮ

ರಾಮಮೂರ್ತಿ ನಗರದಲ್ಲಿ ಯಾವ ಕಾಯಿಲೆ ಬಂದರೂ ಧೈರ್ಯವಾಗಿ ಹೇಳಿಕೊಳ್ಳಬಹುದು. ಕಿಡ್ನಿಯಿಂದ ಕಲ್ಲು ತೆಗೆಸಿಕೊಂಡವರು ಅದನ್ನು ಡಬ್ಬಿಯಲ್ಲಿಟ್ಟುಕೊಂಡು ಮನೆಗೆ ಬಂದವರಿಗೆಲ್ಲ ಕಾಫಿಯ ಜೊತೆ ತೋರಿಸುತ್ತಾರೆ. ಮೂಲವ್ಯಾಧಿಯವರು ಬಸ್‌ಸ್ಟಾಪಿನಲ್ಲಿ ನಿಂತು ವಿವರಿಸುತ್ತಾರೆ, ಕೇಳುವವರೂ ಬಸ್ಸು ಬಿಟ್ಟು ಕೇಳುತ್ತಾರೆ. ಆದರೆ ಮನಸ್ಸು ಸರಿಯಿಲ್ಲ, ಅದಕ್ಕೆ ಯಾರನ್ನೋ ಕಾಣಲು ಹೋಗಿದ್ದೆ ಎಂದು ಬಾಯಿಬಿಟ್ಟರೆ ಮುಗಿಯಿತು. ಸಂಜೆಯೊಳಗೆ ನಿಮ್ಮನ್ನು ಸರಪಳಿ ಹಾಕಿ ಕಟ್ಟಿದ್ದಾರೆಂಬ ಸುದ್ದಿ ಹೊರಮಾವು ದಾಟಿರುತ್ತದೆ, ಹಿಂದೆಯೇ ನಿಮ್ಮ ಮಗಳನ್ನು ನೋಡಲು ಬರಬೇಕಾಗಿದ್ದವರ ಫೋನೂ ಬಂದಿರುತ್ತದೆ: ಅವರ ಮನೆಯಲ್ಲಿ ಇದ್ದಕ್ಕಿದ್ದಂತೆ ಸೂತಕ.

ವಸಂತಣ್ಣನ ಕಥೆ ಹೇಳುವ ಮೊದಲು ಇಷ್ಟು ಗೊತ್ತಿರಲಿ ಎಂದು ಹೇಳಿದೆ. ನಾನು ಕೆ.ಆರ್. ಪುರದ ತಾಲೂಕು ಕಚೇರಿ ಹತ್ತಿರ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಈ ಕಥೆಯ ಕಾಗದಗಳೆಲ್ಲ ನನ್ನ ಕೈ ದಾಟಿಯೇ ಹೋಗಿವೆ. ಆದ್ದರಿಂದ ಇದರಲ್ಲಿ ಸುಳ್ಳು ಕಡಿಮೆ. ಇರುವಷ್ಟಕ್ಕೂ ನೋಟರಿ ಸೀಲ್ ಇದೆ.

ವಸಂತಣ್ಣನಿಗೆ ಐವತ್ತೆರಡು. ಅಪ್ಪ ರಾಗಿ ಬೆಳೆದ ಜಾಗದಲ್ಲಿ ಈತ ಮೂರಂತಸ್ತು ಎಬ್ಬಿಸಿ ಆರು ಬಾಡಿಗೆ ಮನೆ ಬೆಳೆದಿದ್ದ. ಅದಲ್ಲದೆ ಕಲ್ಕೆರೆ ಕಡೆ ಅವನಿಗೂ ಅವನ ಅಣ್ಣ ಮುನಿಆಂಜನಪ್ಪನಿಗೂ ಜಂಟಿಯಾಗಿ ಒಂದೂವರೆ ಎಕರೆ ಉಳಿದಿತ್ತು. ಅದನ್ನು ಅಪಾರ್ಟ್‌ಮೆಂಟ್ ಕಟ್ಟುವ ಬಿಲ್ಡರ್‌ಗೆ ಕೊಡುವುದೆಂದು ಅಣ್ಣ ಮಾತಾಡಿದ್ದ. ಇಂಥ ವ್ಯವಹಾರಕ್ಕೆ ಮೊದಲು ಬೇಕಾಗುವುದು ವಂಶವೃಕ್ಷ. ತಾತ ಯಾರು, ಅಪ್ಪ ಯಾರು, ಮಕ್ಕಳೆಷ್ಟು ಜನ, ಆಸ್ತಿಗೆ ಪಾಲುದಾರರು ಯಾರ್ಯಾರು ಎಂಬ ಪಟ್ಟಿ. ಮುನಿಆಂಜನಪ್ಪ ನನ್ನ ಅಂಗಡಿಯಲ್ಲೇ ನಿಂತು ಹೇಳಿ ಟೈಪ್ ಮಾಡಿಸಿದ. ತಂದೆ ದಿವಂಗತ. ಮಕ್ಕಳು ಇಬ್ಬರು. ಇಬ್ಬರೂ ಗಂಡು.

ಇವರಿಬ್ಬರಿಗೂ ಹಿರಿಯಳಾದ ಮಾರಕ್ಕ ಎಂಬ ಅಕ್ಕ ಮೇಡಹಳ್ಳಿಯಲ್ಲಿ ಜೀವಂತ ಇರುವುದು ನನಗೂ ಗೊತ್ತಿತ್ತು. ಅಕ್ಕಯ್ಯನ ಹೆಸರು ಎಲ್ಲಿ ಹಾಕಲಿ ಎಂದು ಕೇಳಿದೆ. ಪೇಜಿನಲ್ಲಿ ಜಾಗ ಇಲ್ಲ ಎಂದ. ಪೇಜಿನಲ್ಲಿ ಮುಕ್ಕಾಲು ಭಾಗ ಖಾಲಿ ಇತ್ತು. ಆದರೆ ಹೇಳಿದ್ದನ್ನು ಟೈಪ್ ಮಾಡುವುದು ನನ್ನ ಕೆಲಸ, ಜಾಗ ಅಳೆಯುವುದು ಸರ್ವೆಯವರದು. ವಸಂತಣ್ಣ ಕೆಳಗೆ ಸಹಿ ಹಾಕಿದ. ಅವತ್ತು ಸಂಜೆಯಿಂದ ಅವನ ಬಲಗೈ ನಡುಗಲು ಶುರುವಾಯಿತು.

ಇದಕ್ಕೂ ಅದಕ್ಕೂ ಸಂಬಂಧವಿದೆ ಎಂದು ಆರು ತಿಂಗಳು ಯಾರಿಗೂ ಹೊಳೆಯಲಿಲ್ಲ. ಹೊಳೆದವರು ಹೇಳಲಿಲ್ಲ.

ಕೈಯ ಹಿಂದೆ ಎದೆ ಹೊಡೆದುಕೊಳ್ಳಲು ಶುರುವಾಯಿತು. ನಿದ್ದೆ ಹೋಯಿತು. ನಲ್ಲಿ ಸರಿಯಾಗಿ ತಿರುಗಿಸಿಲ್ಲ ಎಂಬ ವಿಷಯಕ್ಕೆ ಹೆಂಡತಿ ಮಂಜುಳಮ್ಮನ ಜೊತೆ ಜಗಳವಾಗಿ, ಗಂಡ ಹೆಂಡತಿ ಮಗಳು ನಿಖಿತಾಳ ಮೂಲಕ ಮಾತಾಡುವ ಹಂತ ತಲುಪಿದರು. ಇಬ್ಬರೂ ಒಂದೇ ಸೋಫಾದ ಮೇಲೆ ಕೂತು, ನಿಮ್ಮಪ್ಪನಿಗೆ ಉಪ್ಪು ಬೇಕಾ ಕೇಳು, ನಿಮ್ಮಮ್ಮನಿಗೆ ಬೇಡ ಅಂತ ಹೇಳು ಎನ್ನುತ್ತಿದ್ದರು. ಇಸಿಜಿ ಮೂರು ಸಲ ಆಯಿತು. ಮೂರು ಸಲವೂ ಹೃದಯ ಕಲ್ಲಿನ ಹಾಗಿದೆ ಎಂದು ಬಂತು. ಇದರಿಂದ ವಸಂತಣ್ಣ ಇನ್ನೂ ಕುಗ್ಗಿದ. ಮುನಿಆಂಜನಪ್ಪ ಇದು ಬರೀ ಗ್ಯಾಸು ಎಂದ. ಮೊದಲ ಮಹಡಿಯ ಬಾಡಿಗೆದಾರ ಮೊಹ್ಸಿನ್ ಎಸಿ ಮೆಕ್ಯಾನಿಕ್. ಅವನು ವಸಂತಣ್ಣನ ಕೈಯನ್ನು ಐದು ನಿಮಿಷ ನೋಡಿ, ಇದು ಅರ್ಥಿಂಗ್ ಪ್ರಾಬ್ಲಂ, ದಿನಾ ಬೆಳಿಗ್ಗೆ ಮಣ್ಣಿನ ಮೇಲೆ ಬರಿಗಾಲಲ್ಲಿ ನಿಲ್ಲಬೇಕು ಎಂದ. ವಸಂತಣ್ಣ ನಿಲ್ಲಲು ಹೋದ. ಇಡೀ ಬಡಾವಣೆಯಲ್ಲಿ ಕಾಂಕ್ರೀಟು ಹಾಕದ ಮಣ್ಣು ಸಿಗಲಿಲ್ಲ.

ಅಷ್ಟರಲ್ಲಿ ಬಿಲ್ಡರ್‌ನ ಕಡೆಯವರು ಸಹಿಯ ಮಾದರಿ ಕೇಳಿದರು. ಪಾನ್ ಕಾರ್ಡಿನ ಸಹಿಗೆ ಹೊಂದಬೇಕಂತೆ. ನನ್ನ ಅಂಗಡಿಯಲ್ಲಿ ಕೂತು ವಸಂತಣ್ಣ ಹನ್ನೊಂದು ಸಹಿ ಹಾಕಿದ. ಒಂದರ ಹಾಗೆ ಇನ್ನೊಂದಿಲ್ಲ. ಮೂರನೆಯದು ತೆಲುಗಿನ ಹಾಗಿತ್ತು, ಏಳನೆಯದು ಅವನ ಇಸಿಜಿಗಿಂತ ಚೆನ್ನಾಗಿತ್ತು. ಮುನಿಆಂಜನಪ್ಪ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡ.

"ನೋಡು ವಸಂತ, ಇಪ್ಪತ್ತೆಂಟಕ್ಕೆ ರಿಜಿಸ್ಟ್ರೇಷನ್ನು. ಅಷ್ಟರೊಳಗೆ ನಿನ್ನ ಕೈ ಏನ್ ಮಾಡ್ತೀಯೋ ಗೊತ್ತಿಲ್ಲ, ಪಾನ್ ಕಾರ್ಡಲ್ಲಿರೋ ಹಂಗೆ ಬರ್ಬೇಕು. ಇಲ್ಲಾಂದ್ರೆ ಬಿಲ್ಡ್ರು ಬೇರೆ ಜಮೀನು ನೋಡ್ಕೊತಾನೆ. ಆಮೇಲೆ ನಾನೂ ಬೇರೆ ತಮ್ಮನ್ನ ನೋಡ್ಕೊತೀನಿ."

ಹೀಗೆ ಕೈಗೆ ನಲವತ್ತು ದಿನಗಳ ಗಡುವು ಬಿತ್ತು. ಮಗಳು ನಿಖಿತಾ ಫೋನಿನಲ್ಲಿ ಹುಡುಕಿ, ಕುಕ್ ಟೌನಿನಲ್ಲಿ ಪದ್ಮಶ್ರೀ ಎಂಬ ಕೌನ್ಸೆಲರ್ ಹತ್ತಿರ ಗುರುವಾರ ನಾಲ್ಕು ಗಂಟೆಗೆ ಸಮಯ ಗೊತ್ತುಮಾಡಿದಳು. ಮಾತ್ರೆ ಇಲ್ಲ, ಸೂಜಿ ಇಲ್ಲ, ಬರೀ ಮಾತು ಎಂದಳು. ಬರೀ ಮಾತಾಡಲು ಕುಕ್ ಟೌನ್ ತನಕ ಯಾಕೆ ಹೋಗಬೇಕು ಎಂದು ಮಂಜುಳಮ್ಮ ಮಗಳ ಮೂಲಕ ಕೇಳಿಸಿದಳು. ಇಲ್ಲಿ ಮಾತಾಡೋರು ಯಾರಿದ್ದಾರೆ ಎಂದು ವಸಂತಣ್ಣ ಅದೇ ದಾರಿಯಲ್ಲಿ ಉತ್ತರ ಕಳಿಸಿದ.

ಕುಕ್ ಟೌನಿನ ಆ ಹಳೇ ಬಂಗಲೆಗೆ ಬೋರ್ಡು ಇರಲಿಲ್ಲ. ಬರುವವರಿಗೆ ಮುಜುಗರವಾಗದಿರಲಿ ಎಂದು ಹಾಕಿರಲಿಲ್ಲವಂತೆ. ವಸಂತಣ್ಣ ಆಧಾರ್, ಪಾನ್, ಎರಡು ಪಾಸ್‌ಪೋರ್ಟ್ ಸೈಜ್ ಫೋಟೋ, ಮನೆಯ ಖಾತಾ ಮತ್ತು ಈ ವರ್ಷದ ಕಂದಾಯ ಕಟ್ಟಿದ ರಸೀತಿ ತೆಗೆದುಕೊಂಡು ಹೋಗಿದ್ದ. ತಾನು ಹುಚ್ಚನಲ್ಲ ಎನ್ನುವುದಕ್ಕೆ ಅವನ ಹತ್ತಿರ ಇದ್ದ ದಾಖಲೆ ಅಷ್ಟೇ. ಪದ್ಮಶ್ರೀ ಮೇಡಂ ಮೂವತ್ತರ ಆಸುಪಾಸಿನ ಹುಡುಗಿ. ಖಾತಾ ನೋಡಿ, ಇದು ಬೇಡ ಸರ್, ನೀವು ಬಂದಿದ್ದೀರಲ್ಲ, ಅದೇ ಸಾಕು ಎಂದರು. ಖಾತಾ ಬೇಡ ಎನ್ನುವ ಕಚೇರಿಯನ್ನು ವಸಂತಣ್ಣ ಜೀವಮಾನದಲ್ಲಿ ನೋಡಿರಲಿಲ್ಲ. ಅಲ್ಲೇ ಅರ್ಧ ವಾಸಿಯಾಯಿತು.

ಉಳಿದರ್ಧಕ್ಕೆ ಅವನು ನಲವತ್ತು ನಿಮಿಷ ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ಟ್ರಾಫಿಕ್ಕಿನ ಬಗ್ಗೆ ಮಾತಾಡಿದ. ಮೇಡಂ ತಾಳ್ಮೆಯಿಂದ ಕೇಳಿ, ಅಣ್ಣತಮ್ಮ ಅಕ್ಕತಂಗಿ ಎಷ್ಟು ಜನ ಎಂದರು. ನಾವಿಬ್ಬರೇ ಎಂದ. ಆಮೇಲೆ ಯಾವುದೋ ಮಾತಿಗೆ, ಚಿಕ್ಕಂದಿನಲ್ಲಿ ಅಕ್ಕ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ರಾಗಿ ಕಳೆ ತೆಗೆಯುತ್ತಿದ್ದಳು ಎಂದ. ಮೇಡಂ ಪೆನ್ನು ಕೆಳಗಿಟ್ಟರು. ವಸಂತಣ್ಣನಿಗೆ ಯಾಕೋ ಕಣ್ಣಲ್ಲಿ ನೀರು ಬಂತು.

ಎದ್ದು ಹೋಗುವಾಗ ಮೇಡಂ ಹೋಂವರ್ಕ್ ಕೊಟ್ಟರು.

"ನಿಮ್ಮ ಫ್ಯಾಮಿಲಿದು ಒಂದು ವಂಶವೃಕ್ಷ ಬರ್ಕೊಂಡು ಬನ್ನಿ ಸರ್. ತೀರ್ಕೊಂಡಿರೋರು, ಮಾತು ಬಿಟ್ಟಿರೋರು, ಒಬ್ಬರನ್ನೂ ಬಿಡಬೇಡಿ. ಯಾರು ನಿಮಗೆ ಹತ್ತಿರ, ಅವ್ರಿಗೆ ದಪ್ಪ ಗೆರೆ. ಯಾರು ದೂರ ಆಗಿದ್ದಾರೆ, ಅವ್ರಿಗೆ ಚುಕ್ಕಿ ಗೆರೆ."

ಬೇರೆ ಯಾರಾದರೂ ಆಗಿದ್ದರೆ ಮಗಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಬರೆದುಕೊಂಡು ಹೋಗುತ್ತಿದ್ದರು. ಆದರೆ ನಮ್ಮ ಕಡೆ ವಂಶವೃಕ್ಷವನ್ನು ಯಾರೂ ಮನೆಯಲ್ಲಿ ಕೂತು ಬರೆಯುವುದಿಲ್ಲ. ಅದು ನಾಡಕಚೇರಿಯಿಂದ ಬರುವ ವಸ್ತು. ಬಿಳಿ ಹಾಳೆಯ ಮೇಲೆ ಪೆನ್ನಿನಲ್ಲಿ ಬರೆದು ಅಷ್ಟು ಓದಿದ ಹೆಣ್ಣುಮಗಳ ಮುಂದೆ ಇಡಲು ವಸಂತಣ್ಣನಿಗೆ ನಾಚಿಕೆಯಾಯಿತು. ಮಾರನೆಯ ದಿನವೇ ನನ್ನ ಅಂಗಡಿಗೆ ಬಂದು ಅರ್ಜಿ, ಅಫಿಡವಿಟ್ಟು ಟೈಪ್ ಮಾಡಲು ಹೇಳಿದ. ಮಕ್ಕಳು ಮೂವರು. ಮೊದಲನೆಯವಳು ಮಾರಕ್ಕ.

ನಾನು ಟೈಪ್ ಮಾಡುವುದನ್ನು ನಿಲ್ಲಿಸಿದೆ. ಹೋದ ಸಲದ ವಂಶವೃಕ್ಷದಲ್ಲಿ ಈ ಹೆಸರು ಇರಲಿಲ್ಲವಲ್ಲ ಎಂದು ನೆನಪಿಸಿದೆ.

"ಅದು ಜಮೀನಿಂದು ಕಣಪ್ಪ. ಇದು ಆರೋಗ್ಯದ್ದು. ಬೇರೆ ಫೈಲು," ಎಂದ.

ಅರ್ಜಿಯಲ್ಲಿ 'ಉದ್ದೇಶ' ಎಂಬ ಕಾಲಂ ಇತ್ತು. ಚಿಕಿತ್ಸೆ ಎಂದು ಹಾಕಿದೆವು. ಅದರ ಜೊತೆಗೆ ಮೇಡಂ ಹೇಳಿದ ಹಾಗೆ ಒಂದು ನಕ್ಷೆಯನ್ನೂ ಲಗತ್ತಿಸಿದ. ಅಪ್ಪ ಅಮ್ಮನಿಗೆ ದಪ್ಪ ಗೆರೆ, ಅಣ್ಣನಿಗೆ ದಪ್ಪ ಗೆರೆ, ಮಂಜುಳಮ್ಮನಿಗೆ ಅರ್ಧ ದಪ್ಪ ಅರ್ಧ ಚುಕ್ಕಿ, ಮಾರಕ್ಕನಿಗೆ ಪೂರ್ತಿ ಚುಕ್ಕಿ. ಹೋಂವರ್ಕ್ ಯಾಕೆ ಬಂದಿಲ್ಲ ಎಂದು ಮೇಡಂ ಎರಡು ಗುರುವಾರ ಕೇಳಿದರಂತೆ. ಫೈಲು ಮೇಲಕ್ಕೆ ಹೋಗ್ತಾ ಇಲ್ಲ ಮೇಡಂ, ಮಧ್ಯದಲ್ಲೆಲ್ಲೋ ಕೂತಿದೆ ಎಂದನಂತೆ ಇವನು. ಇದು ಎಷ್ಟು ಆಳವಾದ ಮಾತು ಎಂದು ಮೇಡಂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರಂತೆ.

ನಾಲ್ಕನೆಯ ವಾರ ಗ್ರಾಮ ಲೆಕ್ಕಿಗ ಮಧುಕರ್ ಸ್ಥಳ ಪರಿಶೀಲನೆಗೆ ಬಂದರು. ವಂಶವೃಕ್ಷ ಕೊಡುವ ಮೊದಲು ಅಕ್ಕಪಕ್ಕದವರನ್ನು ಕರೆದು, ಇವರ ಮನೆಯಲ್ಲಿ ಇಷ್ಟೇ ಜನ ಮಕ್ಕಳು ಹೌದಾ ಎಂದು ಕೇಳಿ ಸಹಿ ಹಾಕಿಸಿಕೊಳ್ಳಬೇಕು. ಇದಕ್ಕೆ ಮಹಜರು ಎನ್ನುತ್ತಾರೆ. ಬೆಳಿಗ್ಗೆ ಹನ್ನೊಂದಕ್ಕೆ ವಸಂತಣ್ಣನ ಗೇಟಿನ ಮುಂದೆ ಕುರ್ಚಿ ಹಾಕಿ ಮಹಜರು ಶುರುವಾದದ್ದೇ, ಐದು ಸಹಿ ಬೇಕಾದಲ್ಲಿ ಐವತ್ತು ಜನ ಸೇರಿದರು. ಮಧುಕರ್ ನಕ್ಷೆಯನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಅಲ್ರೀ ಯಜಮಾನ್ರೆ, ಇಲ್ಲಿ ಚುಕ್ಕಿ ಗೆರೆ ಹಾಕಿದ್ದೀರಿ. ನಮ್ಮ ನಕ್ಷೆಯಲ್ಲಿ ಚುಕ್ಕಿ ಅಂದ್ರೆ ಕಾಲುದಾರಿ. ನಿಮ್ಮಿಂದ ಈ ಮಾರಕ್ಕನವರ ತನಕ ಕಾಲುದಾರಿ ಇದೆಯಾ?"

"ಇತ್ತು ಸಾರ್. ಈಗ ಓಡಾಟ ಇಲ್ಲ," ಎಂದ ವಸಂತಣ್ಣ.

"ಹಂಗಾರೆ ಒತ್ತುವರಿ ಆಗಿರುತ್ತೆ," ಎಂದು ಮಧುಕರ್ ಅದನ್ನೂ ಬರೆದುಕೊಂಡರು.

ವಂಶವೃಕ್ಷ ಎಂಬ ಮಾತು ಕಿವಿಗೆ ಬಿದ್ದರೆ ನಮ್ಮ ಜನಕ್ಕೆ ಇರುವುದು ಒಂದೇ ಅರ್ಥ: ಮನೆ ಒಡೆಯಿತು, ಭಾಗಕ್ಕೆ ಕೂತರು. ಹನ್ನೆರಡರ ಹೊತ್ತಿಗೆ ಆರೂ ಬಾಡಿಗೆದಾರರು ಬಿಲ್ಡಿಂಗ್ ಮಾರಾಟಕ್ಕಿದೆ ಎಂದು ಅಡ್ವಾನ್ಸ್ ವಾಪಸ್ ಕೇಳಿದರು. ಹನ್ನೆರಡೂವರೆಗೆ ಮೊಹ್ಸಿನ್ ತನ್ನ ಸಾಕ್ಷ್ಯ ಹೇಳಿದ. ಕುಕ್ ಟೌನಿನಲ್ಲಿ ಎಸಿ ರಿಪೇರಿಗೆ ಹೋಗಿದ್ದಾಗ ವಸಂತಣ್ಣ ಒಂದು ಬಂಗಲೆಯಿಂದ ಕರ್ಚೀಫಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದದ್ದನ್ನು ಅವನು ಎರಡು ಸಲ ನೋಡಿದ್ದನಂತೆ. ಬೋರ್ಡಿಲ್ಲ, ಬಾಗಿಲು ತೆರೆದದ್ದು ಒಬ್ಬ ಮೇಡಂ.

"ಲಾಯರ್ ಹೀ ಹೈ ಸಾಬ್. ಬೋರ್ಡ್ ಇಲ್ದೆ ನಡೆಸ್ತಾರೆ ಅಂದ್ರೆ ಎಷ್ಟು ದೊಡ್ಡ ಲಾಯರ್ ನೋಡಿ. ಪಾರ್ಟಿನೇ ಅಳಿಸಿ ಕಳಿಸ್ತಾರೆ ಅಂದ್ರೆ ಎದುರು ಪಾರ್ಟಿ ಗತಿ ಏನು?"

ಒಂದು ಗಂಟೆಗೆ ಮುನಿಆಂಜನಪ್ಪನ ಬಿಳಿ ಕಾರು ಬಂತು. ಬೆನ್ನ ಹಿಂದೆ ಹೆಂಗಸು ಲಾಯರ್ ಇಟ್ಟುಕೊಂಡು ಸರ್ಕಾರಿ ವಂಶವೃಕ್ಷದಲ್ಲಿ ಅಕ್ಕನ ಹೆಸರು ಸೇರಿಸುತ್ತಿದ್ದೀಯಾ, ಇಪ್ಪತ್ತೆಂಟಕ್ಕೆ ರಿಜಿಸ್ಟ್ರೇಷನ್ ಇಟ್ಟುಕೊಂಡು ಈ ಕೆಲಸ ಮಾಡುತ್ತೀಯಾ ಎಂದು ಐವತ್ತು ಜನರ ಮುಂದೆ ಕೇಳಿದ. ವಸಂತಣ್ಣ ಬಾಯಿ ತೆರೆದ. ಲಾಯರ್ ಅಲ್ಲ ಎಂದರೆ ಮತ್ತೆ ಯಾರು ಎನ್ನುತ್ತಾರೆ. ಮತ್ತೆ ಯಾರು ಎನ್ನುವುದನ್ನು ಹೇಳಿದರೆ ನಿಖಿತಾಳ ಮದುವೆ ಕೆಡುತ್ತದೆ. ಬಾಯಿ ಮುಚ್ಚಿದ. ಆಗ ಒಂದೂವರೆ ತಿಂಗಳಿನಿಂದ ಗಂಡನ ಜೊತೆ ನೇರವಾಗಿ ಮಾತಾಡದಿದ್ದ ಮಂಜುಳಮ್ಮ ಬಾಗಿಲಿಗೆ ಬಂದು ನಿಂತಳು.

"ಹೂಂ ಭಾವ, ಲಾಯರೇ. ಹೈಕೋರ್ಟ್ ಲಾಯರು. ಏನಿವಾಗ?"

ನೆರೆದವರು ತೃಪ್ತಿಯಿಂದ ಉಸಿರು ಬಿಟ್ಟರು. ಅಣ್ಣನ ಮೇಲೆ ಕೇಸು ಹಾಕಿದವನ ಮನೆಯಿಂದ ಹೆಣ್ಣು ತರಬಹುದು. ಅದರಲ್ಲಿ ತಪ್ಪೇನಿಲ್ಲ, ಆಸ್ತಿ ಇದೆ ಎಂದು ಅರ್ಥ. ಅಣ್ಣನನ್ನು ನೆನೆದು ಎದೆ ಹೊಡೆದುಕೊಳ್ಳುವವನ ಮನೆಯಿಂದ ತರುವುದಕ್ಕೆ ಆಗುವುದಿಲ್ಲ.

ಸುದ್ದಿ ಮೇಡಹಳ್ಳಿ ತಲುಪಲು ಒಂದು ದಿನವೂ ಬೇಕಾಗಲಿಲ್ಲ. ತಲುಪುವಷ್ಟರಲ್ಲಿ ಅದು, ಅಕ್ಕನ ಪಾಲಿಗಾಗಿ ತಮ್ಮ ಹೈಕೋರ್ಟಿನಲ್ಲಿ ನಿಂತು ಅತ್ತ ಎಂದು ಬೆಳೆದಿತ್ತು.

ಮುಂದಿನ ಗುರುವಾರ ಇಪ್ಪತ್ತೇಳನೆಯ ತಾರೀಖು. ಮಾರನೆಯ ದಿನವೇ ರಿಜಿಸ್ಟ್ರೇಷನ್. ಮುನಿಆಂಜನಪ್ಪ ಮೊಹ್ಸಿನ್‌ನಿಂದ ಬಂಗಲೆಯ ಗುರುತು ಕೇಳಿಕೊಂಡು, ತನ್ನ ಲಾಯರ್ ಆನಂದ್‌ನನ್ನು ಕರೆದುಕೊಂಡು ಕುಕ್ ಟೌನಿಗೇ ಹೊರಟ. ಹಳೇ ವಂಶವೃಕ್ಷ ಟೈಪ್ ಮಾಡಿದವನು ಎಂಬ ಸಾಕ್ಷಿಗೆ ನನ್ನನ್ನೂ ಕಾರಿಗೆ ಹತ್ತಿಸಿದ. ನಾವು ಹೋದಾಗ ಬಂಗಲೆಯ ವರಾಂಡದ ಬೆತ್ತದ ಕುರ್ಚಿಯಲ್ಲಿ ಮಾರಕ್ಕ ಆಗಲೇ ಕೂತಿದ್ದಳು. ಸುದ್ದಿಯ ಜೊತೆಗೇ ಬಂಗಲೆಯ ಗುರುತೂ ಗುರುವಾರದ ಹೊತ್ತೂ ಅವಳಿಗೆ ತಲುಪಿತ್ತು. ಮೇಡಹಳ್ಳಿಯಿಂದ ಬಸ್ಸು, ಕೆ.ಆರ್. ಪುರದಿಂದ ಆಟೋ. ಮಡಿಲಲ್ಲಿ ಲಾಯರಮ್ಮನಿಗೆಂದು ತಂದ ಹುರುಳಿಕಾಳಿನ ಚೀಲ. ಮುನಿಆಂಜನಪ್ಪ ಅಕ್ಕನನ್ನು ನೋಡಿಯೂ ನೋಡದವನಂತೆ ಮಲ್ಲಿಗೆ ಗಿಡ ನೋಡಿದ. ವಸಂತಣ್ಣ ಒಳಗಿದ್ದ. ಗಲಾಟೆ ಕೇಳಿ ಮೇಡಂ ಬಾಗಿಲು ತೆರೆದರು. ಯಾರು ಇವರೆಲ್ಲ ಎಂದು ಕೇಳಿ, ವಸಂತಣ್ಣನ ಮುಖ ನೋಡಿ, ಇವರು ಒಳಗೆ ಬರಬಹುದಾ ಎಂದು ಅವನನ್ನೇ ಕೇಳಿದರು. ಅವನು ಬೇಡ ಎನ್ನಲು ಧೈರ್ಯವಿಲ್ಲದೆ ತಲೆಯಾಡಿಸಿದ.

ನಾನು ಕೋರ್ಟು ಕಚೇರಿ ಬಹಳ ನೋಡಿದ್ದೇನೆ. ಅವತ್ತಿನಂಥ ವಾದ ನೋಡಿಲ್ಲ.

ಮುನಿಆಂಜನಪ್ಪ, ನನ್ನ ತಮ್ಮ ನಿಮಗೆ ಏನೇನು ಹೇಳಿದ್ದಾನೆ ಎಂದು ಕೇಳಿದ. ಇಲ್ಲಿ ಯಾರು ಏನು ಹೇಳಿದರೂ ಅದು ಈ ಕೋಣೆ ಬಿಟ್ಟು ಹೋಗುವುದಿಲ್ಲ ಎಂದರು ಮೇಡಂ. ಆನಂದ್ ಲಾಯರ್ ಮುನಿಆಂಜನಪ್ಪನ ಕಿವಿಯಲ್ಲಿ, ಪಕ್ಕಾ ಸೀನಿಯರ್ ಎಂದ. ಹಾಗಾದರೆ ನೀವು ವಸಂತನ ಪರ ತಾನೇ ಎಂದ ಮುನಿಆಂಜನಪ್ಪ. ನಾನು ಯಾರ ಪರವೂ ಅಲ್ಲ, ಯಾರ ವಿರುದ್ಧವೂ ಅಲ್ಲ ಎಂದರು ಅವರು. ಆನಂದ್ ಬೆವರು ಒರೆಸಿಕೊಂಡು, ಕೋರ್ಟಿನವರೇ ನೇಮಿಸಿದ ಮಧ್ಯಸ್ಥಗಾರರು ಇರಬೇಕು, ಎದ್ದು ನಿಂತು ಮಾತಾಡಿ ಎಂದ. ಮುನಿಆಂಜನಪ್ಪ ಎದ್ದು ನಿಂತ. ಮೇಡಂ ಮೃದುವಾಗಿ, ಕೂತ್ಕೊಳ್ಳಿ ಸರ್, ಇಷ್ಟೆಲ್ಲ ಆಗ್ತಿರುವಾಗ ನಿಮಗೆ ಒಳಗೆ ಹೇಗನ್ನಿಸ್ತಿದೆ ಎಂದು ಕೇಳಿದರು.

"ಉತ್ತರ ಕೊಡ್ಬೇಡಿ ಸಾರ್," ಎಂದ ಆನಂದ್. "ಕ್ರಾಸ್ ಎಕ್ಸಾಮಿನೇಷನ್ ಶುರು ಮಾಡಿದ್ರು."

ಮುನಿಆಂಜನಪ್ಪ ತುಟಿ ಬಿಗಿದುಕೊಂಡ. ಮೇಡಂ ಕಾದರು. ಅವರಿಗೆ ಅದು ಕಲಿತ ವಿದ್ಯೆ, ಎಷ್ಟು ಹೊತ್ತಾದರೂ ಕಾಯುತ್ತಾರೆ. ಆನಂದ್ ನನ್ನ ಕಡೆ ಬಾಗಿ, ಮೌನವಾಗಿದ್ದಾರೆ ಅಂದ್ರೆ ಅವರ ಹತ್ತಿರ ದಾಖಲೆ ಗಟ್ಟಿ ಇದೆ ಎಂದು ಪಿಸುಗುಟ್ಟಿದ.

ಅಷ್ಟು ಹೊತ್ತಿಗೆ ವಸಂತಣ್ಣ ಅಂಗಿಯೊಳಗಿಂದ ಕವರು ತೆಗೆದು ಮೇಜಿನ ಮೇಲಿಟ್ಟ. ಅವತ್ತು ಬೆಳಿಗ್ಗೆಯಷ್ಟೇ ಕೈಗೆ ಬಂದಿತ್ತು. ಸರ್ಕಾರದ ಲಾಂಛನ, ಸಂಖ್ಯೆ, ಸೀಲು, ಹಿಂದೆ ಚುಕ್ಕಿ ಗೆರೆಯ ನಕ್ಷೆ.

"ಹೋಂವರ್ಕು ಮೇಡಂ," ಎಂದ. "ಒಬ್ರನ್ನೂ ಬಿಟ್ಟಿಲ್ಲ."

ಪದ್ಮಶ್ರೀ ಮೇಡಂ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮಾರಕ್ಕ ಎದ್ದು ಬಂದು, ನನ್ನ ಹೆಸರು ಎಲ್ಲೈತೆ ತೋರಿಸು ಎಂದಳು. ವಸಂತಣ್ಣ ಅಪ್ಪನ ಹೆಸರಿನ ಕೆಳಗೆ ಬೆರಳಿಟ್ಟ. ಮೊದಲನೆಯದೇ ಅವಳದು. ಅವಳು ಆ ಜಾಗವನ್ನು ಸೆರಗಿನ ತುದಿಯಿಂದ ಒಂದು ಸಲ ಒರೆಸಿದಳು, ಅಳಿಸಿಹೋಗುತ್ತದೋ ಇಲ್ಲವೋ ನೋಡುವವಳ ಹಾಗೆ. ಹೋಗಲಿಲ್ಲ.

ಆನಂದ್ ಲಾಯರ್ ತಯಾರಾಗಿ ಬಂದಿದ್ದ. ಒಂದು ಕಾಗದ ತೆಗೆದು ವಸಂತಣ್ಣನ ಮುಂದಿಟ್ಟ. ಮಾರಕ್ಕನ ಹೆಸರು ಕಣ್ತಪ್ಪಿನಿಂದ ಸೇರಿದೆ, ಈ ವಂಶವೃಕ್ಷ ರದ್ದು ಮಾಡಿ ಎಂಬ ಅರ್ಜಿ. ಸಹಿ ಒಂದೇ ಬಾಕಿ. ಮುನಿಆಂಜನಪ್ಪ ತಾನೇ ಪೆನ್ನಿನ ಮುಚ್ಚಳ ತೆಗೆದು ತಮ್ಮನ ಕೈಗಿಟ್ಟ. ವಸಂತಣ್ಣನ ಕೈ ನಡುಗಿದ ರೀತಿಗೆ ಮೇಜಿನ ಮೇಲಿದ್ದ ನೀರಿನ ಲೋಟ ನಾಲ್ಕಿಂಚು ಸರಿಯಿತು. ಪೆನ್ನಿನ ಮೊನೆ ಅರ್ಜಿಯನ್ನು ತೂರಿ ಹೋಯಿತು. ಆನಂದ್ ಇನ್ನೊಂದು ಪ್ರತಿ ಇಟ್ಟ. ಅದೂ ಹರಿಯಿತು. ಮೂರು ಪ್ರತಿ ಜೆರಾಕ್ಸ್ ಮಾಡಿಸಿದ್ದ. ಮೂರನೆಯದನ್ನು ವಸಂತಣ್ಣ ಮುಟ್ಟಲಿಲ್ಲ.

"ಅಣ್ಣ, ಈ ಕೈಯಲ್ಲಿ ಒಂದ್ಸಲ ಸಹಿ ಹಾಕಿದ್ದಕ್ಕೇ ಈ ಗತಿ ಬಂದೈತೆ. ಇನ್ನೊಂದು ಹಾಕಿದ್ರೆ ಪೂರ್ತಿ ಬಿದ್ದೋಯ್ತದೆ. ನಂಗಾಗಲ್ಲ."

ಐವತ್ತೆರಡು ವರ್ಷದಲ್ಲಿ ಅವನು ಅಣ್ಣನಿಗೆ ಹೇಳಿದ ಮೊದಲ ಆಗಲ್ಲ ಅದು. ಹೇಳಿ ಮುಗಿಸಿದವನು ಗೋಡೆ ಕುಸಿಯುತ್ತದೋ ಎಂಬಂತೆ ಸುತ್ತ ನೋಡಿದ. ಕುಕ್ ಟೌನಿನ ಹಳೇ ಗೋಡೆಗಳು, ಗಟ್ಟಿಯಾಗಿದ್ದವು.

ಮುನಿಆಂಜನಪ್ಪ ವ್ಯವಹಾರಸ್ಥ. ತಮ್ಮನನ್ನು ಅಲ್ಲಿಗೇ ಬಿಟ್ಟು ಅಕ್ಕನ ಕಡೆ ತಿರುಗಿದ. ಬರುವಾಗ ವರಾಂಡದಲ್ಲಿ ಮಲ್ಲಿಗೆ ಗಿಡದ ಪಾಲಾಗಿದ್ದ ಪ್ರೀತಿಯೆಲ್ಲ ಅವನ ಗಂಟಲಿಗೆ ಬಂತು. ನೀನು ನಮಗೆ ತಾಯಿ ಇದ್ದ ಹಾಗೆ, ಗೌರಿ ಹಬ್ಬಕ್ಕೆ ಬಾಗಿನ ತಪ್ಪಿಸಿದ್ದೇವಾ, ತವರು ಎಂದರೆ ಮಣ್ಣಲ್ಲ ಮನುಷ್ಯರು, ನಿನಗೆ ಬೇಕಾಗಿರುವುದು ನಮ್ಮ ಪ್ರೀತಿ ತಾನೇ ಎಂದು ಹತ್ತು ನಿಮಿಷ ಮಾತಾಡಿದ. ಎಷ್ಟು ಚೆನ್ನಾಗಿ ಮಾತಾಡಿದನೆಂದರೆ ಆನಂದ್ ಲಾಯರ್ ಕಣ್ಣೊರೆಸಿಕೊಂಡು, ಅದೇ ಕೈಯಲ್ಲಿ ಬ್ಯಾಗಿನಿಂದ ಹಕ್ಕು ಬಿಡುಗಡೆ ಪತ್ರ ಹೊರಗೆ ತೆಗೆದ. ಇಂಥ ಹೊತ್ತಿನಲ್ಲಿ ನಮ್ಮ ಕಡೆಯ ಅಕ್ಕಂದಿರು ಏನು ಹೇಳುತ್ತಾರೆಂದು ನನಗೆ ಗೊತ್ತು. ಅಂಥ ನೂರು ಪತ್ರ ನಾನೇ ಟೈಪ್ ಮಾಡಿದ್ದೇನೆ. ಮಾರಕ್ಕ ಪೂರ್ತಿ ಕೇಳಿಸಿಕೊಂಡು ಹುರುಳಿಕಾಳಿನ ಚೀಲದ ಬಾಯಿ ಕಟ್ಟಿದಳು.

"ಪ್ರೀತಿನೂ ಬೇಕು ಆಂಜಪ್ಪ, ಪಾಲೂ ಬೇಕು. ಪಾಲು ಕೊಟ್ಟೋರ ಪ್ರೀತಿ ಮ್ಯಾಲೆ ಅನುಮಾನ ಇರಲ್ಲ."

ಇಪ್ಪತ್ತೆಂಟರ ರಿಜಿಸ್ಟ್ರೇಷನ್ ನಡೆಯಲಿಲ್ಲ. ಬಿಲ್ಡರ್ ಬೇರೆ ಜಮೀನು ನೋಡಿದ. ಅಲ್ಲಿ ಅಕ್ಕಂದಿರು ನಾಲ್ವರಿದ್ದರಂತೆ, ವಾಪಸ್ ಬಂದ. ಎರಡು ತಿಂಗಳು ಕಳೆದು ಮೂರು ಹೆಸರಿನಲ್ಲಿ ಪತ್ರವಾಯಿತು. ವಸಂತಣ್ಣನ ಸಹಿ ಮೊದಲ ಏಟಿಗೇ ಪಾನ್ ಕಾರ್ಡಿನ ಹಾಗೆ ಬಂತು. ಮನೆಗೆ ಹೋಗಿ ಹೆಂಡತಿಯನ್ನು ನೇರವಾಗಿ ಉಪ್ಪು ಕೇಳಿದ. ಅವಳು ನೇರವಾಗಿ ಇಲ್ಲ ಎಂದಳು. ನಿಖಿತಾಳಿಗೆ ಬಿಡುವು ಸಿಕ್ಕಿತು.

ಪದ್ಮಶ್ರೀ ಮೇಡಂ ಮಾತ್ರ ಕಷ್ಟಕ್ಕೆ ಸಿಕ್ಕಿಕೊಂಡರು. ಒಂದೂ ಮಾತಾಡದೆ ಕಲ್ಕೆರೆ ಕೇಸು ಗೆದ್ದ ಲಾಯರಮ್ಮ ಎಂದು ಅವರ ಹೆಸರು ಟಿನ್ ಫ್ಯಾಕ್ಟರಿ ದಾಟಿ ಮೇಡಹಳ್ಳಿಯವರೆಗೆ ಹಬ್ಬಿದೆ. ನಾನು ಲಾಯರ್ ಅಲ್ಲ ಎಂದು ಅವರು ಹೇಳಿದಷ್ಟೂ ಜನಕ್ಕೆ ನಂಬಿಕೆ ಜಾಸ್ತಿಯಾಗುತ್ತಿದೆ. ಖಾತಾ, ಪಹಣಿ ಹಿಡಿದುಕೊಂಡು ಹೋಗುತ್ತಾರೆ, ಒಂದು ಗಂಟೆ ಅತ್ತು ಬರುತ್ತಾರೆ, ಲಾಯರಮ್ಮ ಬಹಳ ಚೆನ್ನಾಗಿ ಕೇಸು ಕೇಳಿದರು ಎನ್ನುತ್ತಾರೆ.

ಮುನಿಆಂಜನಪ್ಪ ತಮ್ಮನ ಜೊತೆ ಮಾತು ಬಿಟ್ಟಿದ್ದಾನೆ. ಆದರೆ ಪ್ರತಿ ಮಂಗಳವಾರ ಐದು ಗಂಟೆಗೆ ಅವನ ಬಿಳಿ ಕಾರು ಕುಕ್ ಟೌನಿನ ಆ ಬಂಗಲೆಯ ಮುಂದೆ ನಿಂತಿರುತ್ತದೆ. ಎದುರು ಪಾರ್ಟಿಯ ಲಾಯರ್‌ನನ್ನೇ ತನ್ನ ಕಡೆ ಮಾಡಿಕೊಂಡಿದ್ದೇನೆ, ಮೇಲ್ಮನವಿ ತಯಾರಾಗುತ್ತಿದೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ. ಎಲ್ಲರೂ ಗೌರವದಿಂದ ತಲೆದೂಗುತ್ತಾರೆ. ಮೊನ್ನೆ ಜೆರಾಕ್ಸ್‌ಗೆ ಬಂದಿದ್ದ. ಮುಖ ಸ್ವಲ್ಪ ಇಳಿದಿತ್ತು, ಆದರೆ ಗೆಲುವಾಗಿದ್ದ. ಕೇಸು ಎಲ್ಲಿಗೆ ಬಂತು ಎಂದು ಕೇಳಿದೆ. ಅವನು ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕೌಂಟರಿನ ಮೇಲೆ ಬಾಗಿದ.

"ನಿಧಾನ ಕಣಪ್ಪ. ಈಗಿನ್ನೂ ನಂಗೆ ಏಳು ವರ್ಷ ಇದ್ದಾಗಿನ ಗಂಟ ಬಂದೈತೆ."